ಸುತ್ತು ಮುಗಿಯುವಲ್ಲಿ ಸ್ಲೈಡ್‌ಶೋ ಮುಗ್ಗರಿಸುವುದೇಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋಮ್‌ಸ್ಟೇ, ದೋಣಿವಿಹಾರ, ಉಪ್ಪಿನಕಾಯಿ ವ್ಯಾಪಾರ, ಕಾಲೇಜಿನ ಪ್ರಾಜೆಕ್ಟು ಎಂದು ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಿಂದಲೂ ಜಾಲತಾಣದ ಸ್ಲೈಡ್‌ಶೋ ಬಗ್ಗೆ ಪ್ರಶ್ನೆಗಳು ಬಂದಿವೆ. ಕೇಳಿದ ರೀತಿ ಬೇರೆ ಬೇರೆ, ಹೆಚ್ಚಿನವುಗಳ ಬೇರು ಒಂದೇ: ಕೋಡು ಬರೀ ಗಡಿಯಾರ ನೋಡಿ ಮುಂದಿನ ಚಿತ್ರಕ್ಕೆ ಹೋಗುತ್ತದೆ. ಹಿಂದಿನ ಚಲನೆ ಮುಗಿಯಿತೇ, ಮುಂದಿನ ಚಿತ್ರ ತಯಾರಿದೆಯೇ ಎಂದು ವಿಚಾರಿಸುವುದೇ ಇಲ್ಲ. ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇವೆ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ ಬಿಡದೆ ಬರೆಯಬೇಕು.

ಪ್ರಶ್ನೆ: ನಮ್ಮ ಹೋಮ್‌ಸ್ಟೇ ಜಾಲತಾಣದ ಮೊದಲ ಪುಟದಲ್ಲಿ ಐದು ಫೋಟೋ ಇವೆ: ಮನೆ, ಅಡಿಕೆ ತೋಟ, ಸಹಸ್ರಲಿಂಗ, ಯಾಣ, ಉಂಚಳ್ಳಿ ಜಲಪಾತ. ಒಂದರಿಂದ ಐದರವರೆಗೆ ಚೆಂದ ಜಾರುತ್ತವೆ. ಐದಾದ ಮೇಲೆ ಮಾತ್ರ ಎಲ್ಲವೂ ಸರ್ರನೆ ಹಿಂದಕ್ಕೆ ಓಡಿ ಮೊದಲನೆಯದು ಬರುತ್ತದೆ. ಒಂದೇ ದಿಕ್ಕಿನಲ್ಲಿ ಸುತ್ತುವಂತೆ ಮಾಡುವುದು ಹೇಗೆ?
(ಶಿರಸಿಯ ಓದುಗರು)

ಉತ್ತರ: ನಿಮ್ಮ ಫೋಟೋಗಳು ಒಂದು ಉದ್ದ ಪಟ್ಟಿಯಲ್ಲಿ ಸಾಲಾಗಿ ನಿಂತಿವೆ, ಕೋಡು ಆ ಪಟ್ಟಿಯನ್ನು ಎಡಕ್ಕೆ ಎಳೆಯುತ್ತದೆ. ಉಂಚಳ್ಳಿಯ ಬಲಕ್ಕೆ ಏನೂ ಇಲ್ಲ. ಎಣಿಕೆ ಮತ್ತೆ ಸೊನ್ನೆಗೆ ಬಂದಾಗ ಬ್ರೌಸರ್ ಪಟ್ಟಿಯನ್ನು ನಾಲ್ಕು ಚಿತ್ರದಷ್ಟು ದೂರ ವಾಪಸು ಎಳೆಯಬೇಕು, ಅದೂ ಒಂದು ಚಿತ್ರ ಸರಿಯಲು ಕೊಟ್ಟಷ್ಟೇ ಸಮಯದಲ್ಲಿ. ಆ ಓಟ ಅದು.

ಪರಿಹಾರವೆಂದರೆ ಪಟ್ಟಿಯ ಎರಡೂ ತುದಿಗೆ ಒಂದೊಂದು ನಕಲು ಅಂಟಿಸುವುದು. ಕೊನೆಯ ಚಿತ್ರದ ನಕಲು ತಲೆಗೆ, ಮೊದಲ ಚಿತ್ರದ ನಕಲು ಬಾಲಕ್ಕೆ. ಸಾಲು ಈಗ ಹೀಗಾಗುತ್ತದೆ: ಉಂಚಳ್ಳಿ (ನಕಲು), ಮನೆ, ತೋಟ, ಸಹಸ್ರಲಿಂಗ, ಯಾಣ, ಉಂಚಳ್ಳಿ, ಮನೆ (ನಕಲು). ಒಟ್ಟು ಏಳು, ಸ್ಥಾನಗಳು 0ಯಿಂದ 6. ಆಟ ಶುರುವಾಗುವುದು 1ನೇ ಸ್ಥಾನದಿಂದ.

ಮೊದಲು ಪುಟದ ರೂಪ ಹೇಳುವ ಸಿಎಸ್‌ಎಸ್. ಹೊರ ಚೌಕಟ್ಟಿಗೆ ಓವರ್‌ಫ್ಲೋ ಹಿಡನ್. ಒಳಗಿನ ಪಟ್ಟಿಗೆ ಡಿಸ್‌ಪ್ಲೇ ಫ್ಲೆಕ್ಸ್. ಪ್ರತಿ ಸ್ಲೈಡಿಗೆ ಫ್ಲೆಕ್ಸ್ 0 0 100%, ಅಂದರೆ ಹಿಗ್ಗದೆ ಕುಗ್ಗದೆ ಚೌಕಟ್ಟಿನಷ್ಟೇ ಅಗಲ. ಪಟ್ಟಿಯನ್ನು ಸರಿಸುವುದು ಟ್ರಾನ್ಸ್‌ಫಾರ್ಮ್‌ನ ಟ್ರಾನ್ಸ್‌ಲೇಟ್‌ಎಕ್ಸ್‌ನಿಂದ, ಬೆಲೆ ಸ್ಥಾನ × −100%. ಪಿಕ್ಸೆಲ್ ಲೆಕ್ಕ ಹಾಕಬೇಡಿ. ಶೇಕಡಾ ಕೊಟ್ಟರೆ ಫೋನು ಅಡ್ಡ ತಿರುಗಿಸಿದಾಗಲೂ ಚಿತ್ರ ತನ್ನ ಜಾಗದಲ್ಲೇ ಇರುತ್ತದೆ, ಮತ್ತೆ ಅಳೆಯುವ ಕೆಲಸವಿಲ್ಲ. ಲೆಫ್ಟ್ ಅಥವಾ ಮಾರ್ಜಿನ್ ಬದಲಿಸಿ ಸರಿಸುವ ಹಳೆಯ ಕ್ರಮವನ್ನು ಬಿಟ್ಟುಬಿಡಿ. ಅಲ್ಲಿ ಪ್ರತಿ ಫ್ರೇಮಿಗೂ ಪುಟದ ಜೋಡಣೆಯನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಕಡಿಮೆ ಬೆಲೆಯ ಫೋನಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಇನ್ನು ಪುಟವನ್ನು ಆಡಿಸುವ ಜಾವಾಸ್ಕ್ರಿಪ್ಟ್. ಮೊದಲ ಮತ್ತು ಕೊನೆಯ ಸ್ಲೈಡುಗಳನ್ನು ಕ್ಲೋನ್‌ನೋಡ್‌ನಿಂದ ನಕಲಿಸಿ, ಆವರಣದಲ್ಲಿ ಟ್ರೂ ಎಂದು ಕೊಡಿ. ಇಲ್ಲವಾದರೆ ಒಳಗಿನ ಚಿತ್ರ ಬರದೆ ಖಾಲಿ ಡಬ್ಬಿ ಮಾತ್ರ ಬರುತ್ತದೆ. ಒಂದನ್ನು ಪ್ರಿಪೆಂಡ್‌ನಿಂದ ಮುಂದೆ, ಇನ್ನೊಂದನ್ನು ಅಪೆಂಡ್‌ನಿಂದ ಹಿಂದೆ ಸೇರಿಸಿ. ಮುಂದೆ ಹೋಗುವಾಗಲೆಲ್ಲ ಸ್ಥಾನ 1 ಹೆಚ್ಚಲಿ. 5ರಿಂದ 6ಕ್ಕೆ ಹೋದಾಗ ನೋಡುವವರಿಗೆ ಉಂಚಳ್ಳಿ ಸರಿದು ಮನೆಯ ಚಿತ್ರ ಬಂದಂತೆ ಕಾಣುತ್ತದೆ. ಆ ಚಲನೆ ಮುಗಿಯುವುದನ್ನು ಟ್ರಾನ್ಸಿಷನ್‌ಎಂಡ್ ಘಟನೆಯಿಂದ ತಿಳಿದು, ಅಲ್ಲಿ ನಾಲ್ಕು ಕೆಲಸವನ್ನು ಇದೇ ಕ್ರಮದಲ್ಲಿ ಮಾಡಿ. ಟ್ರಾನ್ಸಿಷನ್ ಅನ್ನು, ಅಂದರೆ ನಿಧಾನವಾಗಿ ಸರಿಸುವ ಸೂಚನೆಯನ್ನು, 'ನನ್' (ಏನೂ ಇಲ್ಲ) ಎಂದು ಬರೆದು ಆರಿಸಿ. ಸ್ಥಾನವನ್ನು 1ಕ್ಕೆ ತಂದು ಟ್ರಾನ್ಸ್‌ಫಾರ್ಮ್ ಬರೆಯಿರಿ. ಪಟ್ಟಿಯ ಆಫ್‌ಸೆಟ್‌ವಿಡ್ತ್ ಅನ್ನು ಸುಮ್ಮನೆ ಒಮ್ಮೆ ಓದಿ. ಆಮೇಲೆ ಟ್ರಾನ್ಸಿಷನ್ ವಾಪಸು ಕೊಡಿ. 6ರಲ್ಲೂ 1ರಲ್ಲೂ ಇರುವುದು ಒಂದೇ ಚಿತ್ರವಾದ್ದರಿಂದ ಈ ಜಿಗಿತ ಯಾರಿಗೂ ಗೊತ್ತಾಗುವುದಿಲ್ಲ. ಹಿಂದಕ್ಕೆ ಹೋಗುವಾಗ ಇದೇ ಕ್ರಮ, 0ಗೆ ಬಂದರೆ 5ಕ್ಕೆ ಜಿಗಿಯಬೇಕು.

ಮೂರನೆಯ ಕೆಲಸ, ಆ ಸುಮ್ಮನೆ ಓದುವುದು, ಅನಾವಶ್ಯಕ ಎಂದು ಹಲವರು ಅಳಿಸಿಹಾಕುತ್ತಾರೆ. ಅಳಿಸಿದ ತಕ್ಷಣ ಹಳೆಯ ಓಟ ಮರಳಿ ಬರುತ್ತದೆ. ಒಂದೇ ಉಸಿರಿನಲ್ಲಿ ಟ್ರಾನ್ಸಿಷನ್ ಆರಿಸಿ, ಸ್ಥಾನ ಬದಲಿಸಿ, ಮತ್ತೆ ಹಚ್ಚಿದರೆ ಬ್ರೌಸರ್ ನಡುವಿನದನ್ನೆಲ್ಲ ಬಿಟ್ಟು ಕೊನೆಯ ಸ್ಥಿತಿಯನ್ನಷ್ಟೇ ಗಮನಿಸುತ್ತದೆ. ಅದರ ಲೆಕ್ಕದಲ್ಲಿ ಟ್ರಾನ್ಸಿಷನ್ ಆರಲೇ ಇಲ್ಲ. ಅಗಲ ಎಷ್ಟು ಎಂದು ನೀವು ಕೇಳಿದಾಗ ಉತ್ತರ ಹೇಳಲು ಅದು ಅಲ್ಲಿಯವರೆಗಿನ ಬದಲಾವಣೆಗಳನ್ನೆಲ್ಲ ಜಾರಿಗೆ ತರಲೇಬೇಕು. ಅಷ್ಟಕ್ಕಾಗಿಯೇ ಆ ಸಾಲು.

ಬಟನ್ನನ್ನು ಪಟಪಟ ಒತ್ತುವವರು ಇದ್ದೇ ಇರುತ್ತಾರೆ. ಜಿಗಿತಕ್ಕೆ ಮೊದಲೇ ಇನ್ನೊಂದು ಒತ್ತು ಬಿದ್ದರೆ ಸ್ಥಾನ 7 ಆಗಿ ಚೌಕಟ್ಟು ಬಿಳಿಯಾಗುತ್ತದೆ. 'ಚಲಿಸುತ್ತಿದೆ' ಎಂಬ ಒಂದು ಗುರುತು ಇಟ್ಟುಕೊಳ್ಳಿ. ಹೊರಡುವಾಗ ಟ್ರೂ, ಟ್ರಾನ್ಸಿಷನ್‌ಎಂಡ್ ಬಂದಾಗ ಫಾಲ್ಸ್. ಅದು ಟ್ರೂ ಇರುವಷ್ಟು ಹೊತ್ತು ಯಾವ ಒತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನಕಲುಗಳಿಗೆ ಏರಿಯಾ-ಹಿಡನ್ ಟ್ರೂ ಹಾಕಿ, ಒಳಗೆ ಲಿಂಕ್ ಇದ್ದರೆ ಇನರ್ಟ್ ಕೂಡ ಸೇರಿಸಿ. ಇಲ್ಲದಿದ್ದರೆ ಪುಟವನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ನಿಮ್ಮ ಮನೆ ಎರಡು ಸಲ ಬರುತ್ತದೆ. ಸ್ಲೈಡಿಗೆ ಐಡಿ ಇದ್ದರೆ ನಕಲಿನಿಂದ ತೆಗೆಯಿರಿ, ಒಂದು ಪುಟದಲ್ಲಿ ಒಂದೇ ಐಡಿ ಎರಡು ಕಡೆ ಇರಬಾರದು.

ಪ್ರಶ್ನೆ: ನಕಲು ಸ್ಲೈಡಿನ ಕ್ರಮದಲ್ಲೇ ಮಾಡಿದ್ದೇನೆ, ಚೆನ್ನಾಗಿ ಸುತ್ತುತ್ತದೆ. ಆದರೆ ಬೇರೆ ಟ್ಯಾಬಿಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದರೆ ಖಾಲಿ ಬಿಳಿ ಚೌಕಟ್ಟು. ಮೌಸ್ ಒಳಗೆ ಹೊರಗೆ ಆಡಿಸಿದರೆ ವೇಗ ಹೆಚ್ಚುತ್ತಾ ಹೋಗುತ್ತದೆ. ಚಿತ್ರ ಬದಲಿಸುವ ಟೈಮರ್ ಸೆಟ್‌ಇಂಟರ್ವಲ್‌ಗೆ 3000 ಮಿಲಿಸೆಕೆಂಡು ಕೊಟ್ಟಿದ್ದೇನೆ.
(ಕುಮಟಾದ ಓದುಗರು)

ಉತ್ತರ: ಎರಡೂ ಗಡಿಯಾರದ ತೊಂದರೆಗಳೇ, ಆದರೆ ಕಾರಣ ಬೇರೆ ಬೇರೆ.

ವೇಗದ್ದು ಸುಲಭ. ಮೌಸ್ ಹೊರಬಂದಾಗ ನೀವು ಹೊಸ ಟೈಮರ್ ಶುರು ಮಾಡುತ್ತೀರಿ, ಹಳೆಯದು ಸತ್ತಿರುವುದಿಲ್ಲ. ಎರಡು ಟೈಮರ್ ಓಡಿದರೆ ಚಿತ್ರ ಇಮ್ಮಡಿ ವೇಗದಲ್ಲಿ ಬದಲಾಗುತ್ತದೆ, ಮೂರು ಓಡಿದರೆ ಮುಮ್ಮಡಿ. ಶುರು ಮಾಡುವ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಹಳೆಯದನ್ನು ಕ್ಲಿಯರ್ ಮಾಡಿ. ನಿಲ್ಲಿಸುವ ಫಂಕ್ಷನ್ನಿನಲ್ಲಿ ಮಾಡಿದ್ದೇನಲ್ಲ ಎಂದು ನಂಬಿ ಕೂರಬೇಡಿ. ಟಚ್ ಪರದೆಯಲ್ಲಿ ಒಳಬಂದ ಘಟನೆ, ಹೊರಹೋದ ಘಟನೆ ಜೋಡಿಯಾಗಿಯೇ ಬರುತ್ತವೆಂಬ ಖಾತ್ರಿ ಇಲ್ಲ.

ಬಿಳಿ ಚೌಕಟ್ಟಿನದು ಸೂಕ್ಷ್ಮ. ಟ್ಯಾಬ್ ಮರೆಯಾದಾಗ ಬ್ರೌಸರ್ ಚಿತ್ರ ಬಿಡಿಸುವುದನ್ನು ನಿಲ್ಲಿಸುತ್ತದೆ, ಟೈಮರುಗಳನ್ನು ಮಾತ್ರ ಓಡಲು ಬಿಡುತ್ತದೆ. ಮರೆಯಲ್ಲಿ ಅವುಗಳಿಗೆ ಸೆಕೆಂಡಿಗೆ ಒಂದು ಸಲ ಎಂಬ ಮಿತಿ ಇದೆ. ಕ್ರೋಮ್‌ನ 88ನೇ ಆವೃತ್ತಿಯಿಂದ ಈಚೆಗೆ, 5 ನಿಮಿಷಕ್ಕೂ ಹೆಚ್ಚು ಮರೆಯಲ್ಲಿದ್ದ ಪುಟದ ಟೈಮರುಗಳಿಗೆ ಮಿತಿ ನಿಮಿಷಕ್ಕೊಂದು ಸಲಕ್ಕೂ ಇಳಿಯಬಹುದು. ನಿಮ್ಮ 3 ಸೆಕೆಂಡು ಮೊದಲ ಮಿತಿಯೊಳಗೇ ಇದೆ. ಹಾಗಾಗಿ ಒಂದು ನಿಮಿಷ ಬಿಟ್ಟರೆ ಎಣಿಕೆ 20 ಹೆಚ್ಚುತ್ತದೆ. ಚಿತ್ರ ಚಲಿಸದ್ದರಿಂದ ಟ್ರಾನ್ಸಿಷನ್‌ಎಂಡ್ ಬಂದಿಲ್ಲ, ಅದು ಬಾರದೆ ಜಿಗಿತವೂ ಇಲ್ಲ. ನೀವು ಮರಳಿ ಬಂದಾಗ ಪಟ್ಟಿ ಬಾಲದ ನಕಲನ್ನೂ ದಾಟಿ ಎಲ್ಲೋ ಹೋಗಿ ನಿಂತಿರುತ್ತದೆ.

ಸೆಟ್‌ಇಂಟರ್ವಲ್ ಬಿಡಿ. ಒಂದು ಚಲನೆ ಮುಗಿದ ಮೇಲೆ ಮುಂದಿನದಕ್ಕೆ ಒಂದೇ ಸಲ ಓಡುವ ಸೆಟ್‌ಟೈಮ್‌ಔಟ್ ಒಂದನ್ನು ಕೊಡಿ. ಹೀಗೆ ಸರಪಳಿಯಾಗಿ ಹೋದರೆ ಚಲನೆ ನಿಂತಲ್ಲಿ ಎಣಿಕೆಯೂ ನಿಲ್ಲುತ್ತದೆ. ಜೊತೆಗೆ ಡಾಕ್ಯುಮೆಂಟ್‌ನ ವಿಸಿಬಿಲಿಟಿಚೇಂಜ್ ಘಟನೆ ಕೇಳಿಸಿಕೊಂಡು, ಪುಟ ಮರೆಯಾದರೆ ಟೈಮರ್ ಕ್ಲಿಯರ್ ಮಾಡಿ, ಎದುರಿಗೆ ಬಂದರೆ ಹೊಸದಾಗಿ ಶುರು ಮಾಡಿ.

ಟ್ರಾನ್ಸಿಷನ್‌ಎಂಡ್ ಮೇಲೆ ಇಷ್ಟೆಲ್ಲ ಭಾರ ಹಾಕಿದ ಮೇಲೆ ಅದರ ಚೇಷ್ಟೆಗಳೂ ಗೊತ್ತಿರಬೇಕು. ಅದು ಒಳಗಿನ ಅಂಶಗಳಿಂದ ಮೇಲಕ್ಕೆ ಹಬ್ಬಿ ಬರುತ್ತದೆ. ಸ್ಲೈಡಿನೊಳಗಿನ 'ಬುಕ್ ಮಾಡಿ' ಬಟನ್ನಿನ ಬಣ್ಣ ನಿಧಾನವಾಗಿ ಬದಲಾಗಿ ಮುಗಿದರೂ ಪಟ್ಟಿಯ ಫಂಕ್ಷನ್ ಓಡುತ್ತದೆ. ಘಟನೆಯ ಟಾರ್ಗೆಟ್ ಪಟ್ಟಿಯೇ ಹೌದೇ, ಪ್ರಾಪರ್ಟಿನೇಮ್ ಟ್ರಾನ್ಸ್‌ಫಾರ್ಮ್ ಹೌದೇ ಎಂದು ಮೊದಲು ನೋಡಿ, ಅಲ್ಲವಾದರೆ ಅಲ್ಲಿಂದಲೇ ವಾಪಸು ಹೋಗಿ. ಇನ್ನು ಅದು ಬಾರದೇ ಇರುವ ಸಂದರ್ಭಗಳೂ ಇವೆ. ನಡುವೆ ಚೌಕಟ್ಟನ್ನು ಡಿಸ್‌ಪ್ಲೇ ನನ್ ಮಾಡಿದರೆ ಬರುವುದಿಲ್ಲ. ಟ್ರಾನ್ಸಿಷನ್ ಅವಧಿ 0 ಇದ್ದರೂ ಬರುವುದಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗಾಗಿ ಅವಧಿಯನ್ನು 0 ಮಾಡುವ ಒಳ್ಳೆಯ ಅಭ್ಯಾಸವಿದ್ದವರ ಸ್ಲೈಡ್‌ಶೋ ಇದೇ ಕಾರಣಕ್ಕೆ ಮೊದಲ ಚಲನೆಯಲ್ಲೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಹೊರಡುವಾಗಲೇ ಒಂದು ಕಾವಲು ಟೈಮರ್ ಇಡಿ: ಅವಧಿ 600 ಇದ್ದರೆ 700 ಮಿಲಿಸೆಕೆಂಡಿನೊಳಗೆ ಟ್ರಾನ್ಸಿಷನ್‌ಎಂಡ್ ಬರದಿದ್ದರೆ ಅದು ಮಾಡಬೇಕಾದ ಕೆಲಸವನ್ನು ಇದೇ ಮಾಡಲಿ. ಯಾವುದು ಮೊದಲು ಬಂದರೂ ಇನ್ನೊಂದನ್ನು ರದ್ದು ಮಾಡಿ.

ಪ್ರಶ್ನೆ: ಹಿಂದಿನ ಚಿತ್ರದ ಬಟನ್ ಮೊದಲ ಚಿತ್ರದಲ್ಲಿ ಒತ್ತಿದರೆ 'ಅನ್‌ಡಿಫೈನ್ಡ್' ದೋಷ ಬರುತ್ತದೆ. ಶೇಷದ ಚಿಹ್ನೆ % ಬಳಸಿದ್ದೇನೆ.
(ದಾಂಡೇಲಿಯ ವಿದ್ಯಾರ್ಥಿ)

ಉತ್ತರ: ಜಾವಾಸ್ಕ್ರಿಪ್ಟಿನಲ್ಲಿ −1 % 5 ಎಂದರೆ 4 ಬರುವುದಿಲ್ಲ, −1 ಬರುತ್ತದೆ. −1ನೇ ಚಿತ್ರ ಎಂಬುದು ಪಟ್ಟಿಯಲ್ಲಿ ಇಲ್ಲ. ಶೇಷ ತೆಗೆಯುವ ಮೊದಲು ಚಿತ್ರಗಳ ಒಟ್ಟು ಸಂಖ್ಯೆ (ಇಲ್ಲಿ 5) ಕೂಡಿಸಿ: (ಸ್ಥಾನ − 1 + 5) % 5. ಹಾಗೆಯೇ ಸ್ಥಾನವನ್ನು ಡೇಟಾಸೆಟ್‌ನಿಂದ ಓದುತ್ತಿದ್ದರೆ ಅದು ಪಠ್ಯ, ಸಂಖ್ಯೆಯಲ್ಲ. 4ಕ್ಕೆ 1 ಕೂಡಿಸಿದರೆ 41 ಆಗುತ್ತದೆ. ನಂಬರ್ ಫಂಕ್ಷನ್ನಿನಿಂದ ಪರಿವರ್ತಿಸಿಕೊಳ್ಳಿ.

ಪ್ರಶ್ನೆ: ಜಾರುವುದು ಬೇಡ, ಒಂದು ಚಿತ್ರ ಕರಗಿ ಇನ್ನೊಂದು ಮೂಡಬೇಕು. ಟ್ಯಾಗೋರ್ ಕಡಲತೀರ, ಸದಾಶಿವಗಡ, ಕಾಳಿ ನದಿಯ ಅಳಿವೆ, ದೇವಬಾಗ ಹೀಗೆ ಎಂಟು ಚಿತ್ರ. ಪ್ರತಿ ಬದಲಾವಣೆಯ ನಡುವೆ ಮಂಕಾದ ಬಿಳಿ ಮಿಂಚು. ಎಂಟನೆಯದರಿಂದ ಮೊದಲನೆಯದಕ್ಕೆ ಬರುವಾಗ ಕರಗುವುದೇ ಇಲ್ಲ, ಫಕ್ಕನೆ ಬದಲಾಗುತ್ತದೆ.
(ಕಾರವಾರದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಎರಡು ಚಿತ್ರವನ್ನೂ ಒಟ್ಟಿಗೆ ಚಲಿಸುತ್ತಿದ್ದೀರಿ. ಹಳೆಯದರ ಒಪಾಸಿಟಿ (ಎಷ್ಟು ಗಟ್ಟಿಯಾಗಿ ಕಾಣಬೇಕೆಂಬ ಅಳತೆ) 1ರಿಂದ 0ಗೆ, ಹೊಸದರದು 0ಯಿಂದ 1ಕ್ಕೆ. ನಡುದಾರಿಯಲ್ಲಿ ಎರಡೂ ಅರ್ಧರ್ಧ. ಅರ್ಧಕ್ಕೆ ಅರ್ಧ ಕೂಡಿ ಪೂರ್ತಿ ಆಗುತ್ತದೆಂದು ಅನ್ನಿಸುತ್ತದೆ, ಆಗುವುದಿಲ್ಲ. ಮೇಲಿನ ಚಿತ್ರ ಅರ್ಧ ಬೆಳಕನ್ನು ಒಳಬಿಡುತ್ತದೆ, ಕೆಳಗಿನದು ಅದರಲ್ಲಿ ಮತ್ತೆ ಅರ್ಧ. ಅಂದರೆ ಹಿಂದಿನ ಬಿಳಿ ಹಿನ್ನೆಲೆ 25% ಹಣಕುತ್ತದೆ. ಹಿನ್ನೆಲೆ ಕಪ್ಪಾಗಿದ್ದರೆ ಮಿಂಚಿನ ಬದಲು ಕತ್ತಲು ಕಾಣುತ್ತಿತ್ತು.

ಹಳೆಯ ಚಿತ್ರವನ್ನು ಮುಟ್ಟಬೇಡಿ. ಅದು ಕೆಳಗೆ 1ರಲ್ಲೇ ಇರಲಿ, ಹೊಸದು ಅದರ ಮೇಲೆ 0ಯಿಂದ 1ಕ್ಕೆ ಏರಲಿ. ಏರಿ ಮುಗಿದ ಮೇಲೆ ಹಳೆಯದನ್ನು ಟ್ರಾನ್ಸಿಷನ್ ಇಲ್ಲದೆ 0 ಮಾಡಿ.

ಸುತ್ತಿನ ಕೊನೆಯಲ್ಲಿ ಮಾತ್ರ ನಿಮ್ಮ ಎಂಟನೆಯ ಚಿತ್ರ ಕರಗದೆ 1ರಲ್ಲೇ ನಿಂತಿರಬೇಕು, ಆಗಿನ ಫಕ್ಕನೆ ಬದಲಾವಣೆಗೆ ಕಾರಣ ಪದರಗಳ ಕ್ರಮ. ಎಚ್‌ಟಿಎಂಎಲ್‌ನಲ್ಲಿ ಮೊದಲು ಬರೆದದ್ದು ಕೆಳಗೆ, ಕೊನೆಗೆ ಬರೆದದ್ದು ಮೇಲೆ. ಎಂಟನೆಯದು ಪೂರ್ತಿ ಮುಚ್ಚಿಕೊಂಡಿರುವಾಗ ಅದರಡಿಯಲ್ಲಿ ಮೊದಲನೆಯದು ಎಷ್ಟು ನಾಜೂಕಾಗಿ ಮೂಡಿದರೂ ಕಾಣುವುದಿಲ್ಲ. ಎಂಟನೆಯದು ಮಾಯವಾದ ಕ್ಷಣ ಅದು ಧುತ್ತನೆ ಕಾಣುತ್ತದೆ. ಪ್ರತಿ ಬದಲಾವಣೆಗೂ ಝಡ್-ಇಂಡೆಕ್ಸ್ ನೀವೇ ಕೊಡಿ: ಬರುವುದಕ್ಕೆ 2, ಹೋಗುವುದಕ್ಕೆ 1, ಉಳಿದವಕ್ಕೆ 0.

ಇದರಲ್ಲೇ ಇನ್ನೊಂದು ಅಡಗಿದೆ. ಒಪಾಸಿಟಿ 0 ಇದ್ದರೂ ಸ್ಲೈಡ್ ಅಲ್ಲೇ ಇರುತ್ತದೆ, ಮೌಸಿನ ಒತ್ತನ್ನು ತಾನೇ ಹಿಡಿಯುತ್ತದೆ. ಸದಾಶಿವಗಡದ ಮೇಲೆ ಒತ್ತಿದರೆ ದೇವಬಾಗದ ಪುಟ ತೆರೆದರೆ ಆಶ್ಚರ್ಯಪಡಬೇಡಿ. ಕಾಣದ ಸ್ಲೈಡುಗಳಿಗೆಲ್ಲ ವಿಸಿಬಿಲಿಟಿ ಹಿಡನ್ ಇರಲಿ.

ಪ್ರಶ್ನೆ: ಶರಾವತಿ ಅಳಿವೆಯಲ್ಲಿ, ಕಾಂಡ್ಲಾ ಕಾಡಿನ ನಡುವೆ ದೋಣಿವಿಹಾರ ನಡೆಸುತ್ತೇವೆ. ಫೋನಿನಿಂದ ನೇರ ತೆಗೆದ ಎಂಟು ಫೋಟೋ ಹಾಕಿದ್ದೇವೆ. ಮೊದಲ ಸುತ್ತಿನಲ್ಲಿ ಪ್ರತಿ ಚಿತ್ರವೂ ಎಡವುತ್ತದೆ, ಅರ್ಧಕ್ಕೆ ಬಂದು ಖಾಲಿ ಕಾಣುತ್ತದೆ. ಎರಡನೇ ಸುತ್ತಿನಿಂದ ಸರಿ. ಗಿರಾಕಿಗಳು ಮೊದಲ ಸುತ್ತು ನೋಡಿಯೇ ಹೋಗಿಬಿಡುತ್ತಾರಲ್ಲ!
(ಹೊನ್ನಾವರದ ಓದುಗರು)

ಉತ್ತರ: ನಿಮ್ಮ ಕೋಡು ಚೆನ್ನಾಗಿಯೇ ಇರಬಹುದು, ಫೋಟೋಗಳು ಭಾರ. ಭಾರ ಎರಡು ಬಗೆ, ಎರಡನ್ನೂ ಬೇರೆ ಬೇರೆ ನೋಡಬೇಕು.

ಒಂದು ಸಾಗಣೆಯ ಭಾರ. 4 ಎಂಬಿ ಫೋಟೋ ಸೆಕೆಂಡಿಗೆ 2 ಮೆಗಾಬಿಟ್ ಸಂಪರ್ಕದಲ್ಲಿ ಇಳಿಯಲು 16 ಸೆಕೆಂಡು ಬೇಕು. ಘಟ್ಟದ ತಿರುವಿನಲ್ಲಿ ಬಸ್ಸಿನಲ್ಲಿ ಕೂತು ನೋಡುವವರಿಗೆ ಅಷ್ಟು ಸಿಗುವುದೂ ಕಷ್ಟ. ಅದನ್ನೇ 200 ಕೆಬಿಗೆ ಇಳಿಸಿದರೆ ಒಂದು ಸೆಕೆಂಡಿಗಿಂತ ಕಡಿಮೆ.

ಇನ್ನೊಂದು ಬಿಚ್ಚುವ ಭಾರ, ಇದನ್ನು ಲೆಕ್ಕ ಹಾಕುವವರು ಕಡಿಮೆ. ಕಡತ ಎಷ್ಟೇ ಕುಗ್ಗಿದ್ದರೂ ಪರದೆಗೆ ಬರುವ ಮೊದಲು ಪ್ರತಿ ಪಿಕ್ಸೆಲ್ಲೂ 4 ಬೈಟ್ ಆಗಿ ಬಿಚ್ಚಿಕೊಳ್ಳುತ್ತದೆ. 4000 × 3000 ಪಿಕ್ಸೆಲ್‌ನ ಫೋಟೋ ಒಂದಕ್ಕೆ 48 ಎಂಬಿ ಮೆಮೊರಿ, ಎಂಟಕ್ಕೆ 384. ಈ ಬಿಚ್ಚುವ ಕೆಲಸ ಚಿತ್ರ ಜಾರುತ್ತಿರುವಾಗಲೇ ಶುರುವಾದರೆ ಎಡವದೆ ಇರುತ್ತದೆಯೇ? 1600 × 900ಕ್ಕೆ ಇಳಿಸಿದರೆ ಒಂದಕ್ಕೆ 6 ಎಂಬಿಗಿಂತ ಕಡಿಮೆ.

ಪ್ರತಿ ಫೋಟೋವನ್ನು ಎರಡು ಅಳತೆಯಲ್ಲಿ ಉಳಿಸಿ: ಅಗಲ 1600 ಮತ್ತು 800 ಪಿಕ್ಸೆಲ್. ವೆಬ್‌ಪಿ ರೂಪ, ಗುಣಮಟ್ಟ 75ರಿಂದ 80. ಸ್ಕ್ವೂಶ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತದೆ. ಕಾಂಡ್ಲಾದ ಬೇರು, ಎಲೆ, ನೀರಿನ ಅಲೆಯಂಥ ಸಣ್ಣ ವಿವರ ತುಂಬಿದ ಫೋಟೋ ಬರಿಯ ಆಕಾಶದ ಫೋಟೋದಷ್ಟು ಕುಗ್ಗುವುದಿಲ್ಲ. ಅಂಥದ್ದರಲ್ಲಿ ಗುಣಮಟ್ಟವನ್ನು 65ಕ್ಕೆ ಇಳಿಸಿ ನೋಡಿ, ವಿವರವೇ ದೋಷವನ್ನು ಮುಚ್ಚುತ್ತದೆ. ಎರಡೂ ಅಳತೆಯನ್ನು ಎಸ್‌ಆರ್‌ಸಿಸೆಟ್‌ನಲ್ಲಿ ಕೊಟ್ಟು, ಸೈಜಸ್‌ನಲ್ಲಿ ಚೌಕಟ್ಟಿನ ಅಗಲ ಹೇಳಿದರೆ ಯಾವುದು ಬೇಕೆಂದು ಬ್ರೌಸರೇ ಆರಿಸುತ್ತದೆ. ವಿಡ್ತ್, ಹೈಟ್ ಗುಣಗಳನ್ನು ಬರೆಯಲು ಮರೆಯಬೇಡಿ. ಬರೆಯದಿದ್ದರೆ ಚಿತ್ರ ಬಂದಾಗ ಕೆಳಗಿನ ದರಪಟ್ಟಿಯೆಲ್ಲ ಧಡಕ್ಕನೆ ಕೆಳಗಿಳಿಯುತ್ತದೆ.

ಮೊದಲ ಚಿತ್ರಕ್ಕೆ ಲೇಜಿ ಲೋಡಿಂಗ್ (ಕಾಣುವ ಹೊತ್ತಿಗಷ್ಟೇ ಚಿತ್ರ ತರುವ ಕ್ರಮ) ಹಾಕಲೇಬೇಡಿ, ಬದಲಿಗೆ ಫೆಚ್‌ಪ್ರಯಾರಿಟಿ ಹೈ ಕೊಡಿ. ಉಳಿದವನ್ನೂ ಲೇಜಿ ಲೋಡಿಂಗಿಗೆ ಬಿಡುವುದು ನಮಗೆ ಅಷ್ಟು ಹಿಡಿಸದು. ಚೌಕಟ್ಟಿನ ಹೊರಗೆ ಮರೆಯಾಗಿರುವ ಸ್ಲೈಡು ಇನ್ನೇನು ಬರಲಿದೆ ಎಂದು ಬ್ರೌಸರಿಗೆ ತಿಳಿಯದೆ, ಅದು ಕಾಣಿಸಿಕೊಂಡ ಮೇಲೆ ತರಲು ಹೊರಡಬಹುದು. ಸದ್ಯ ಕಾಣುತ್ತಿರುವ ಚಿತ್ರದ ಅವಧಿಯಲ್ಲೇ ಮುಂದಿನ ಒಂದನ್ನು ಮಾತ್ರ ಕೋಡಿನಿಂದ ತರಿಸಿ, ಇಮೇಜ್ ಅಂಶದ ಡಿಕೋಡ್ ಕರೆಯಿರಿ. ಅದು ಪ್ರಾಮಿಸ್, ಅಂದರೆ 'ಮುಗಿದಾಗ ತಿಳಿಸುತ್ತೇನೆ' ಎಂಬ ಮಾತು, ಕೊಡುತ್ತದೆ. ಚಿತ್ರ ಇಳಿದು, ಬಿಚ್ಚಿ, ತೋರಿಸಲು ತಯಾರಾದ ಮೇಲೆ ಆ ಪ್ರಾಮಿಸ್ ಈಡೇರುತ್ತದೆ. ಒಂದು ಚಿತ್ರ ನಿಲ್ಲಬೇಕಾದ ಐದು ಸೆಕೆಂಡೂ ಆಗಿರಬೇಕು, ಡಿಕೋಡೂ ಮುಗಿದಿರಬೇಕು, ಆಮೇಲಷ್ಟೇ ಸರಿಯಿರಿ. ಪ್ರಾಮಿಸ್‌ನ ಆಲ್ ಫಂಕ್ಷನ್ನಿಗೆ ಎರಡನ್ನೂ ಕೊಟ್ಟರೆ ಮುಗಿಯಿತು. ನೆಟ್‌ವರ್ಕ್ ನಿಧಾನವಾದರೆ ಹಳೆಯ ಚಿತ್ರ ಎರಡು ಸೆಕೆಂಡು ಹೆಚ್ಚು ನಿಲ್ಲುತ್ತದೆ ಅಷ್ಟೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ಚಿತ್ರ ಬರಲೇ ಇಲ್ಲವೆಂದರೆ ಪ್ರಾಮಿಸ್ ಮುರಿಯುತ್ತದೆ. ಕ್ಯಾಚ್ ಬರೆದು ಅದನ್ನು ದಾಟಿ ಮುಂದಿನದಕ್ಕೆ ಹೋಗಿ, ಬರೆಯದಿದ್ದರೆ ಸ್ಲೈಡ್‌ಶೋ ಅಲ್ಲೇ ನಿಲ್ಲುತ್ತದೆ.

ಶಿರಸಿಯವರಿಗೆ ಹೇಳಿದ ನಕಲು ಸ್ಲೈಡಿನ ಕ್ರಮ ಬಳಸುವುದಾದರೆ ಮತ್ತೊಂದು ವಿಷಯ. ಜಿಗಿತದ ಕ್ಷಣದಲ್ಲಿ ಅಸಲಿ ಚಿತ್ರ ಹೊಸದಾಗಿ ಬಿಚ್ಚಿಕೊಳ್ಳಬೇಕಾಗಿ ಬಂದರೆ ಒಂದು ಕ್ಷಣ ಮಿನುಗುತ್ತದೆ. ಮೊದಲ, ಕೊನೆಯ ಚಿತ್ರಗಳಿಗೂ ಅವುಗಳ ನಕಲಿಗೂ ಡಿಕೋಡಿಂಗ್ ಗುಣವನ್ನು ಸಿಂಕ್ ಎಂದು ಕೊಡಿ.

ಪ್ರಶ್ನೆ: ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಹೀಗೆ ನಮ್ಮ ಸರಕುಗಳ ಸಣ್ಣ ಚಿತ್ರಗಳು ನಿಲ್ಲದೆ ಸಾಲಾಗಿ ಹರಿಯುತ್ತಿರಬೇಕು. ಪಟ್ಟಿಯನ್ನು ಎರಡು ಸಲ ಬರೆದು −50% ಸರಿಸುತ್ತೇನೆ. ಸುತ್ತಿಗೊಮ್ಮೆ ಚಿಕ್ಕ ಕುಲುಕು. ಮಗನ ಹೊಸ ಫೋನಿನಲ್ಲಿ ಎಲ್ಲವೂ ಎರಡು ಪಟ್ಟು ವೇಗ.
(ಅಂಕೋಲಾದ ಓದುಗರು)

ಉತ್ತರ: ಚಿತ್ರಗಳ ನಡುವೆ ಗ್ಯಾಪ್ ಕೊಟ್ಟಿರಬೇಕು. ಐದು ಹೂವನ್ನು ದಾರದಲ್ಲಿ ಉದ್ದಕ್ಕೆ ಕಟ್ಟಿದರೆ ನಡುವೆ ನಾಲ್ಕೇ ಸಂದು, ತುದಿ ಸೇರಿಸಿ ಮಾಲೆ ಮಾಡಿದರೆ ಐದು. ಗ್ಯಾಪ್ ಉದ್ದಕ್ಕೆ ಕಟ್ಟಿದ ಲೆಕ್ಕ ಹಿಡಿಯುತ್ತದೆ, ನಿಮಗೆ ಬೇಕಾದದ್ದು ಮಾಲೆಯ ಲೆಕ್ಕ. ಅದರಿಂದ −50% ಎಂಬುದು ಅರ್ಧ ಗ್ಯಾಪಿನಷ್ಟು ಕಡಿಮೆ ಸರಿಯುತ್ತದೆ. ಗ್ಯಾಪ್ 24 ಪಿಕ್ಸೆಲ್ ಇದ್ದರೆ ಕುಲುಕು 12. ಗ್ಯಾಪ್ ತೆಗೆದು, ಕೊನೆಯದೂ ಸೇರಿ ಪ್ರತಿ ಚಿತ್ರಕ್ಕೂ ಬಲಗಡೆ 24 ಪಿಕ್ಸೆಲ್ ಮಾರ್ಜಿನ್ ಕೊಡಿ. ಪಟ್ಟಿಯ ವಿಡ್ತ್ ಮ್ಯಾಕ್ಸ್-ಕಂಟೆಂಟ್ ಇರಲಿ, ಅನಿಮೇಷನ್ ಲೀನಿಯರ್ ಮತ್ತು ಇನ್ಫಿನಿಟ್. ಲೀನಿಯರ್ ಬರೆಯದಿದ್ದರೆ ಸುತ್ತಿನ ಕೊನೆಯಲ್ಲಿ ನಿಧಾನವಾಗಿ ಮತ್ತೆ ವೇಗ ಹಿಡಿಯುತ್ತದೆ, ಅದೂ ಕುಲುಕಿನಂತೆಯೇ ಕಾಣುತ್ತದೆ.

ವೇಗದ ಕತೆ ಬೇರೆ. ನೀವು ಕೋಡಿನಲ್ಲಿಯೂ ಸರಿಸುತ್ತಿದ್ದೀರಿ ಅನ್ನಿಸುತ್ತದೆ, ಪರದೆ ಹೊಸದಾಗುವಾಗಲೆಲ್ಲ ಓಡುವ ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್‌ನಲ್ಲಿ ಸಲಕ್ಕೆ 1 ಪಿಕ್ಸೆಲ್‌ನಂತೆ. 60 ಹರ್ಟ್ಸ್ ಪರದೆಯಲ್ಲಿ ಅದು ಸೆಕೆಂಡಿಗೆ 60 ಪಿಕ್ಸೆಲ್, ಹೊಸ ಫೋನಿನ 120 ಹರ್ಟ್ಸ್ ಪರದೆಯಲ್ಲಿ 120. ಆ ಫಂಕ್ಷನ್ನಿಗೆ ಬ್ರೌಸರ್ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. ಹಿಂದಿನ ಸಲದ ಸಮಯ ಕಳೆದು, ಆ ಅಂತರವನ್ನು ಸೆಕೆಂಡಿಗೆ ಬದಲಿಸಿ ವೇಗಕ್ಕೆ ಗುಣಿಸಿ ಸರಿಸಿ. ಸೆಕೆಂಡಿಗೆ 40 ಪಿಕ್ಸೆಲ್ ಸರಕಿನ ಹೆಸರು ಓದಲು ಹಿತವಾದ ವೇಗ. ಟ್ಯಾಬ್ ಬಿಟ್ಟು ಬಂದಾಗ ಅಂತರ ಸಾವಿರಾರು ಮಿಲಿಸೆಕೆಂಡು ಇರುತ್ತದೆ, 50ಕ್ಕಿಂತ ಹೆಚ್ಚಿದ್ದರೆ 50 ಎಂದೇ ತೆಗೆದುಕೊಳ್ಳಿ. ಒಂದು ಸುತ್ತು ದಾಟಿದಾಗ ಸ್ಥಾನವನ್ನು 0 ಮಾಡದೆ, ಸುತ್ತಿನ ಅಗಲವನ್ನು ಕಳೆಯಿರಿ. 1200ರ ಸುತ್ತಿನಲ್ಲಿ 1200.6ಕ್ಕೆ ಬಂದಿದ್ದರೆ ಉಳಿದ 0.6 ಹಾಗೇ ಇರಬೇಕು.

ದೊಡ್ಡ ಪರದೆಯಲ್ಲೂ ಒಮ್ಮೆ ನೋಡಿ. ಒಂದು ಸಾಲಿನ ಅಗಲ 1200, ಪರದೆ 1920 ಇದ್ದರೆ ಎರಡು ಪ್ರತಿ ಸಾಲದು, ಕೊನೆಗೆ 720 ಪಿಕ್ಸೆಲ್ ಖಾಲಿ ಬೀಳುತ್ತದೆ. ಚೌಕಟ್ಟಿನ ಅಗಲವನ್ನು ಸಾಲಿನ ಅಗಲದಿಂದ ಭಾಗಿಸಿ, ಮೇಲಿನ ಪೂರ್ಣಸಂಖ್ಯೆಗೆ ಏರಿಸಿ, 1 ಕೂಡಿಸಿ. ಇಲ್ಲಿ 3 ಪ್ರತಿ ಬೇಕು, ಆಗ −50% ಬದಲು ಮೂರನೇ ಒಂದು ಭಾಗ ಸರಿಸಬೇಕು. ಅಗಲ ಅಳೆಯುವುದು ಚಿತ್ರಗಳೆಲ್ಲ ಬಂದ ಮೇಲೆ. ಮೊದಲೇ ಅಳೆದರೆ ತಪ್ಪು ಸಂಖ್ಯೆ ಸಿಗುತ್ತದೆ.

ಪ್ರಶ್ನೆ: ಮೊದಲ ಚಿತ್ರದ ಮೇಲೆ ಒತ್ತಿದರೆ ದೊಡ್ಡದಾಗಿ ತೆರೆಯಬೇಕು. ಕೆಲವು ಸಲ ತೆರೆಯುತ್ತದೆ, ಕೆಲವು ಸಲ ಇಲ್ಲ.
(ಸಿದ್ದಾಪುರದ ಓದುಗರು)

ಉತ್ತರ: ತೆರೆಯದಿದ್ದಾಗ ನೀವು ಒತ್ತುತ್ತಿರುವುದು ನಕಲನ್ನು. ಆಡ್‌ಈವೆಂಟ್‌ಲಿಸನರ್‌ನಿಂದ ಜೋಡಿಸಿದ ಲಿಸನರನ್ನು (ಒತ್ತಿದಾಗ ಓಡುವ ಕೋಡನ್ನು) ಕ್ಲೋನ್‌ನೋಡ್ ನಕಲಿಸುವುದಿಲ್ಲ. ಪ್ರತಿ ಚಿತ್ರಕ್ಕೂ ಬೇರೆ ಬೇರೆ ಲಿಸನರ್ ಹಾಕುವ ಬದಲು ಪಟ್ಟಿಗೇ ಒಂದು ಹಾಕಿ, ಯಾವುದನ್ನು ಒತ್ತಿದರೆಂದು ಘಟನೆಯ ಟಾರ್ಗೆಟ್‌ನಿಂದ ಕ್ಲೋಸೆಸ್ಟ್ ಬಳಸಿ ಹುಡುಕಿ. ನಕಲಿಗೆ ಇನರ್ಟ್ ಹಾಕಿದ್ದರೆ ಅದು ಒತ್ತನ್ನು ಸ್ವೀಕರಿಸುವುದಿಲ್ಲ, ಆದ್ದರಿಂದ ಜಿಗಿತ ತಡವಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಬೆರಳಿನಿಂದ ಎಳೆದು ಬದಲಿಸುವ ಸೌಲಭ್ಯ ಸೇರಿಸಿದೆ. ಈಗ ಸ್ಲೈಡ್‌ಶೋ ಮೇಲೆ ಬೆರಳಿಟ್ಟರೆ ಪುಟ ಮೇಲೆ ಕೆಳಗೆ ಹೋಗುವುದಿಲ್ಲ. ಟಚ್ ತಡೆಯುವ ಸಾಲು ತೆಗೆದರೆ ಎಳೆತ ಅರ್ಧಕ್ಕೆ ಕಡಿದುಹೋಗುತ್ತದೆ.
(ಭಟ್ಕಳದ ಓದುಗರು)

ಉತ್ತರ: ಚೌಕಟ್ಟಿಗೆ ಟಚ್-ಆ್ಯಕ್ಷನ್ ಪ್ಯಾನ್-ವೈ ಎಂದು ಸಿಎಸ್‌ಎಸ್ ಬರೆಯಿರಿ. ಮೇಲೆ ಕೆಳಗಿನ ಎಳೆತ ಬ್ರೌಸರಿಗೆ, ಅಡ್ಡ ಎಳೆತ ನಿಮಗೆ. ಪಾಯಿಂಟರ್ ಘಟನೆಗಳನ್ನು ಬಳಸಿ, ಶುರುವಿನಲ್ಲೇ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಮಾಡಿಕೊಳ್ಳಿ, ಬೆರಳು ಚೌಕಟ್ಟಿನಾಚೆ ಹೋದರೂ ಸುದ್ದಿ ಬರುತ್ತಿರುತ್ತದೆ. ಬೆರಳು ಎತ್ತಿದ ಘಟನೆಯ ಜೊತೆಗೆ ಪಾಯಿಂಟರ್‌ಕ್ಯಾನ್ಸಲ್ ಅನ್ನೂ ಕೇಳಿಸಿಕೊಳ್ಳಬೇಕು. ಓದುಗ ನೇರ ಕೆಳಗೆ ಎಳೆಯತೊಡಗಿದರೆ ಬ್ರೌಸರ್ ಕಳಿಸುವುದು ಅದನ್ನೇ.

ಎಳೆಯುತ್ತಿರುವಾಗ ಟ್ರಾನ್ಸಿಷನ್ ಆರಿರಲಿ, ಬಿಟ್ಟಾಗ ಹಚ್ಚಿ. ಅಗಲದ ಐದನೇ ಒಂದು ಭಾಗ ದಾಟಿದ್ದರೆ ಮುಂದಿನದಕ್ಕೆ, ಇಲ್ಲದಿದ್ದರೆ ಹಿಂದಿರುಗಿ. 10 ಪಿಕ್ಸೆಲ್‌ಗಿಂತ ಹೆಚ್ಚು ಸರಿದಿದ್ದರೆ ಅದನ್ನು ಕ್ಲಿಕ್ ಎಂದು ಎಣಿಸಬೇಡಿ. ಬೆರಳು ಮುಟ್ಟಿ ಸರಿಯದೆ ಎತ್ತಿದರೆ ಪಟ್ಟಿ ಇದ್ದಲ್ಲೇ ಇರುತ್ತದೆ. ಬದಲಾವಣೆಯೇ ಇಲ್ಲದಲ್ಲಿ ಟ್ರಾನ್ಸಿಷನ್‌ಎಂಡ್ ಬರುವುದಿಲ್ಲ, 'ಚಲಿಸುತ್ತಿದೆ' ಗುರುತು ಟ್ರೂ ಆಗಿಯೇ ಉಳಿದು ಎಲ್ಲವೂ ಕಟ್ಟಿಹಾಕಿದಂತಾಗುತ್ತದೆ. ಆ ಸಂದರ್ಭದಲ್ಲಿ ಗುರುತನ್ನು ಹಚ್ಚಲೇ ಬೇಡಿ. ಮೌಸಿನಿಂದ ಎಳೆಯುವಾಗ ಚಿತ್ರದ ಮಂಕು ಪ್ರತಿ ಎದ್ದು ಬರುತ್ತಿದ್ದರೆ ಇಮೇಜಿಗೆ ಡ್ರಾಗಬಲ್ ಫಾಲ್ಸ್ ಕೊಡಿ.

ಪ್ರಶ್ನೆ: ಚಿತ್ರದ ಕೆಳಗಿನ ಕನ್ನಡ ಶೀರ್ಷಿಕೆಯಲ್ಲಿ ಒತ್ತಕ್ಷರಗಳ ತಳ ಕತ್ತರಿಸಿದಂತೆ ಕಾಣುತ್ತದೆ. ಅಕ್ಷರ ಒಂದೊಂದಾಗಿ ಮೂಡುವಂತೆ ಮಾಡಿದರೆ ಮಧ್ಯೆ ವಿಚಿತ್ರ ಚಿಹ್ನೆಗಳು.
(ಗೋಕರ್ಣದ ಓದುಗರು)

ಉತ್ತರ: ಶೀರ್ಷಿಕೆಯ ಡಬ್ಬಿಗೆ ಓವರ್‌ಫ್ಲೋ ಹಿಡನ್, ಲೈನ್-ಹೈಟ್ 1.2 ಇರಬೇಕು. ಇಂಗ್ಲಿಷಿಗೆ ಅಷ್ಟು ಸಾಕು, ಕೆಳಗೆ ಒತ್ತು ಮೇಲೆ ಗುಡಿಸು ಇರುವ ಸಾಲಿಗೆ ಸಾಲದು. 1.6 ಕೊಡಿ. ಲೆಟರ್-ಸ್ಪೇಸಿಂಗ್ ಇದ್ದರೆ 0 ಮಾಡಿ.

ಅಕ್ಷರ ಮೂಡಿಸುವ ಕೋಡು ಪಠ್ಯವನ್ನು ಯುನಿಕೋಡ್ ತುಂಡುಗಳಾಗಿ ಕತ್ತರಿಸುತ್ತದೆ. 'ಕಾರವಾರ' ಕಣ್ಣಿಗೆ ನಾಲ್ಕಕ್ಷರ, ಜಾವಾಸ್ಕ್ರಿಪ್ಟಿನ ಲೆಂಗ್ತ್ 6 ಹೇಳುತ್ತದೆ. 'ಉತ್ತರ' ಬರೆಯುವಾಗ ಮಧ್ಯೆ ಒಂದು ಕ್ಷಣ 'ಉತ್' ಕಂಡು ಆಮೇಲೆ 'ಉತ್ತ' ಆಗುತ್ತದೆ. ಸ್ಪೇಸ್ ಇರುವಲ್ಲಿ ಕತ್ತರಿಸಿ ಪದ ಪದವಾಗಿ ಮೂಡಿಸಿ, ಓದಲೂ ಅದೇ ಹಿತ. ಶೀರ್ಷಿಕೆಯನ್ನು ಚಿತ್ರದೊಳಗೇ ಬರೆದುಬಿಡುವ ಅಡ್ಡದಾರಿ ಬೇಡ. ಫೋನಿನಲ್ಲಿ ಓದಲಾಗದಷ್ಟು ಚಿಕ್ಕದಾಗುತ್ತದೆ, ಹುಡುಕಿದವರಿಗೂ ಸಿಗುವುದಿಲ್ಲ.

ಪ್ರಶ್ನೆ: ಒಂದು ಚಿತ್ರ ಎಷ್ಟು ಹೊತ್ತು ನಿಲ್ಲಬೇಕು? ಇಷ್ಟೆಲ್ಲ ಬರೆಯುವ ಬದಲು ಸಿದ್ಧ ಲೈಬ್ರರಿ ಹಾಕಿಕೊಂಡರೆ ಆಗದೇ?
(ಮುರ್ಡೇಶ್ವರದ ಓದುಗರು)

ಉತ್ತರ: ಬರಿ ಚಿತ್ರವಾದರೆ 5 ಸೆಕೆಂಡು, ಎರಡು ಸಾಲು ಬರಹವಿದ್ದರೆ 7. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಚಲಿಸುತ್ತಿರುವ ಯಾವುದಕ್ಕೂ ನಿಲ್ಲಿಸುವ ದಾರಿ ಇರಬೇಕೆಂದು ಡಬ್ಲ್ಯುಸಿಎಜಿ ಎಂಬ ಜಾಲತಾಣ ಸುಗಮತೆಯ ನಿಯಮಾವಳಿಯ 2.2.2ನೇ ಅಂಶ ಹೇಳುತ್ತದೆ. ಮೌಸ್ ಇಟ್ಟರೆ ನಿಲ್ಲುತ್ತದಲ್ಲ ಎಂದರೆ ಫೋನಿನವರಿಗೆ ಮೌಸ್ ಎಲ್ಲಿದೆ? ಕಣ್ಣಿಗೆ ಕಾಣುವ ನಿಲ್ಲಿಸುವ ಬಟನ್ ಒಂದು ಇರಲಿ.

ಲೈಬ್ರರಿ ಧಾರಾಳವಾಗಿ ಹಾಕಿಕೊಳ್ಳಿ. ಸ್ವೈಪರ್, ಸ್ಪ್ಲೈಡ್ ಎರಡರಲ್ಲೂ ಸುತ್ತುವ ಸೌಲಭ್ಯ ಇದೆ. ಬೂಟ್‌ಸ್ಟ್ರ್ಯಾಪ್ ಮೊದಲೇ ಬಳಸುತ್ತಿದ್ದರೆ ಅದರ ಕ್ಯಾರೊಸೆಲ್ ಸಾಕು. ಸ್ವೈಪರ್‌ನ 9ನೇ ಆವೃತ್ತಿಯಿಂದ ನಕಲು ಸ್ಲೈಡಿನ ಕ್ರಮ ಬಿಟ್ಟು, ಅಸಲಿ ಸ್ಲೈಡುಗಳನ್ನೇ ಎತ್ತಿ ಮುಂದೆ ಹಿಂದೆ ಇಡುವ ಕ್ರಮ ಬಂದಿದೆ. ಅದಕ್ಕೆ ಒಮ್ಮೆಗೆ ಕಾಣುವುದಕ್ಕಿಂತ ಸಾಕಷ್ಟು ಹೆಚ್ಚು ಸ್ಲೈಡುಗಳು ಬೇಕು. ಮೂರು ಕಾಣುವಂತಿಟ್ಟು ಒಟ್ಟು ನಾಲ್ಕೇ ಹಾಕಿದರೆ ಸುತ್ತು ಕೆಡಬಹುದು. ಯಾವ ಲೈಬ್ರರಿ ಹಾಕಿದರೂ ಫೋಟೋ ಕುಗ್ಗಿಸುವ ಕೆಲಸ ಮಾತ್ರ ನೀವೇ ಮಾಡಬೇಕು.